104ನೇ ಮೈಲಿನ ಗೇಜು

ತುಂಗಭದ್ರಾ ಜಲಾಶಯ ಭರ್ತಿಯಾದ ದಿನ ಅದರಲ್ಲಿ ನಿಲ್ಲುವುದು 105.788 ಟಿಎಂಸಿ ನೀರು. ಅದೇ ಜಲಾಶಯದಿಂದ ವರ್ಷಕ್ಕೆ ಹಂಚಬೇಕೆಂದು ಬಚಾವತ್ ನ್ಯಾಯಮಂಡಳಿ ಗೊತ್ತುಮಾಡಿದ್ದು 212 ಟಿಎಂಸಿ. ಕರ್ನಾಟಕಕ್ಕೆ 138.99, ಆಂಧ್ರದ ಕಡೆಗೆ 73.01. ಬಿಸಿಲಿಗೆ ಆವಿಯಾಗಿ ಹೋಗುವುದಕ್ಕೆಂದು ಬೇರೆಯಾಗಿ 18. ಎಲ್ಲ ಕೂಡಿದರೆ 230. ಹಿಡಿಯುವುದಕ್ಕಿಂತ ಎರಡು ಪಟ್ಟು ಮಿಕ್ಕಿ ಕೊಡುವುದು ಹೇಗೆ?

ಅಣೆಕಟ್ಟು ನೀರು ಕೂಡಿಡುತ್ತಿರುವಾಗಲೇ ಕೊಡುತ್ತಲೂ ಇದ್ದರೆ ಮಾತ್ರ ಇದು ಸಾಧ್ಯ. ಜುಲೈಯಲ್ಲಿ ಹೊಳೆ ತುಂಬಿ ಬರುತ್ತಿರುವಾಗ ಕಾಲುವೆಗಳೂ ತುಂಬಿ ಹರಿಯುತ್ತಿರಬೇಕು. ಆ ಹರಿವಿನಲ್ಲೇ ಮುಂಗಾರು ಬೆಳೆ ಬಹುಪಾಲು ಮುಗಿಯಬೇಕು. ಮಳೆ ಹಿಂದೆ ಸರಿಯುವ ಹೊತ್ತಿಗೆ ಜಲಾಶಯ ತುಂಬಿಯೇ ಉಳಿದಿರಬೇಕು. ಎರಡನೇ ಬೆಳೆಗೆ, ಬೇಸಿಗೆಯ ಕುಡಿಯುವ ನೀರಿಗೆ ಬೇಕಾದ ಗಂಟು ಅದು. ದಿನಪತ್ರಿಕೆಯ ಮೂಲೆಯಲ್ಲಿ ದಿನವೂ ಬರುವ ‘ಜಲಾಶಯದ ಮಟ್ಟ’ ಎಂಬ ಪಟ್ಟಿಯಲ್ಲಿ ಕಾಣುವುದು ನಿಂತ ನೀರಿನ ಲೆಕ್ಕ ಮಾತ್ರ. ಯಾವ ವಾರ ಎಷ್ಟು ಹರಿಯಿತು, ಎಲ್ಲಿಯವರೆಗೆ ಹರಿಯಿತು ಎಂಬುದು ಅದರಲ್ಲಿ ಇಲ್ಲ. ನನ್ನ ಮಟ್ಟಿಗೆ ಜಲಾಶಯದ ನಿರ್ವಹಣೆ ಎಂದರೆ ಆ ಕಾಣದ ಎರಡು ಲೆಕ್ಕಗಳೇ.

ಮುಂದಿನ ಮಾತಿಗೆ ಬೇಕಾದ ಸಣ್ಣ ಗಣಿತ ಇಷ್ಟು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರ್ ಚಿಲ್ಲರೆ. ಸುಮಾರು 11,574 ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ ಆಗುತ್ತದೆ. ತುಂಗಭದ್ರೆಯ ಎಡದಂಡೆ ನಾಲೆಯ ಶಕ್ತಿ 4,100 ಕ್ಯುಸೆಕ್, ಬಲದಂಡೆ ಮೇಲ್ಮಟ್ಟದ ಕಾಲುವೆಯದು 4,000, ಕೆಳಮಟ್ಟದ ಕಾಲುವೆಯದು 1,800. ಮೂರೂ ಪೂರ್ತಿ ಹರಿದರೆ ದಿನಕ್ಕೆ ಮುಕ್ಕಾಲು ಟಿಎಂಸಿಗೂ ಸ್ವಲ್ಪ ಹೆಚ್ಚು. ಜುಲೈ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಹೀಗೆಯೇ ಹರಿಸಿದರೆ ಹತ್ತಿರ ಹತ್ತಿರ 119 ಟಿಎಂಸಿ. ತುಂಬಿದ ಜಲಾಶಯಕ್ಕಿಂತ ಹೆಚ್ಚು ನೀರು ಈ ನಾಲ್ಕೂವರೆ ತಿಂಗಳಲ್ಲೇ ಕಾಲುವೆ ದಾಟುತ್ತದೆ.

ಈ ನೀರು ಬರುವುದು ಜಲಾಶಯದ ಪಕ್ಕದ ಹೊಸಪೇಟೆಯ ಮಳೆಯಿಂದಲ್ಲ. ಅಲ್ಲಿ ವರ್ಷವಿಡೀ ಬೀಳುವ ಮಳೆ ಆಗುಂಬೆಯ ಕಡೆ ಜುಲೈ ತಿಂಗಳ ಕೆಲವೇ ದಿನಗಳಲ್ಲಿ ಬಿದ್ದುಹೋಗುತ್ತದೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಕೂಡುವುದು ಶಿವಮೊಗ್ಗದ ಕೆಳಗೆ ಕೂಡಲಿಯಲ್ಲಿ. ಆದರೆ ಇಬ್ಬರ ನಡೆ ಬೇರೆ. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿಯ ದೊಡ್ಡ ಅಣೆಕಟ್ಟು ಇದೆ. ಅದು ತುಂಬುವ ತನಕ ಭದ್ರೆಯ ನೀರು ಕೆಳಗೆ ಬರುವುದು ಕಡಿಮೆ. ತುಂಗೆಗೆ ಗಾಜನೂರಿನಲ್ಲಿ ಇರುವುದು ಮೂರೂಕಾಲು ಟಿಎಂಸಿಯ ಸಣ್ಣ ಜಲಾಶಯ. ಘಟ್ಟದಲ್ಲಿ ಒಂದು ಜೋರು ಮಳೆಯಾದರೆ ಅದು ತುಂಬಿ, ಗೇಟು ಎತ್ತಲೇಬೇಕಾಗುತ್ತದೆ. ಹಾಗಾಗಿ ಅಣೆಕಟ್ಟಿರುವ ಮುನಿರಾಬಾದಿನ ಕಡೆ ಮಳೆಗಾಲದ ಮೊದಲ ಕೆಂಪು ನೀರು ಹೆಚ್ಚಾಗಿ ತುಂಗೆಯದು. ಆಮೇಲೆ ವರದೆ ಸೇರುತ್ತಾಳೆ. ಆಗಸ್ಟಿನಲ್ಲಿ ಭದ್ರೆಯೂ ತುಂಬಿ ಹೆಚ್ಚುವರಿ ಬಿಟ್ಟರೆ ಒಳಹರಿವು ಲಕ್ಷ ಕ್ಯುಸೆಕ್ ಮುಟ್ಟುತ್ತದೆ. ಲಕ್ಷ ಕ್ಯುಸೆಕ್ ಎಂದರೆ ದಿನಕ್ಕೆ ಎಂಟೂವರೆ ಟಿಎಂಸಿ. ಆ ಲೆಕ್ಕದಲ್ಲಿ ಖಾಲಿ ಜಲಾಶಯವೂ ಹನ್ನೆರಡು ದಿನಗಳಲ್ಲಿ ತುಂಬುತ್ತದೆ. ಹದಿಮೂರನೆಯ ದಿನ ಬರುವ ನೀರು ಗೇಟು ದಾಟಿ ಹಂಪಿಯ ಪುರಂದರ ಮಂಟಪವನ್ನು ಮುಳುಗಿಸಿ, ಕಂಪ್ಲಿಯ ಸೇತುವೆ ಮೇಲೆ ಹಾದು ಕೃಷ್ಣೆಯ ಕಡೆಗೆ ಹೊರಟುಹೋಗುತ್ತದೆ.

ಕಷ್ಟದ ತೀರ್ಮಾನ ಇಲ್ಲಿಂದ ಶುರು. ಜುಲೈ ಮೊದಲ ವಾರ ಜಲಾಶಯದಲ್ಲಿ ಅರ್ಧ ನೀರಿದೆ ಎನ್ನಿ. ಕಾಲುವೆಗೆ ಬಿಡಬೇಕೇ, ಕಾಯಬೇಕೇ? ಎರಡು ವಾರ ಕಾದರೆ ಮೂರು ಕಾಲುವೆಗಳಲ್ಲಿ ಹರಿಯಬಹುದಾಗಿದ್ದ 12 ಟಿಎಂಸಿ ಹರಿಯಲಿಲ್ಲ. ಆಗಸ್ಟಿನಲ್ಲಿ ಹೊಳೆ ಉಕ್ಕಿ ಬಂದರೆ ಅಷ್ಟೇ ನೀರು ಗೇಟಿನ ಮೇಲಿಂದ ಹೋಯಿತು, ಉಳಿಸಿದ್ದು ಏನೂ ಇಲ್ಲ. ಅಷ್ಟೇ ಅಲ್ಲ, ತಡವಾಗಿ ಬಂದ ನೀರಿಗೆ ಸಸಿಮಡಿ ತಡ, ನಾಟಿ ತಡ, ಕೊಯ್ಲು ತಡ. ಕೊನೆಗೆ ಎರಡನೇ ಬೆಳೆ ಏಪ್ರಿಲ್ ದಾಟಿ ಬೇಸಿಗೆಗೆ ಬೀಳುತ್ತದೆ. ಹಾಗೆಂದು ಬೇಗ ಬಿಟ್ಟು, ಮಳೆ ಕೈಕೊಟ್ಟರೆ? 2023 ಅಂಥ ವರ್ಷ. ಜಲಾಶಯ ತುಂಬಲೇ ಇಲ್ಲ, ನಿಂತ ಬೆಳೆಗೆ ನೀರು ಸಾಲದೆ ರೈತರು ಪರದಾಡಿದರು, ಎರಡನೇ ಬೆಳೆಗೆ ನೀರು ಕೊಡಲಿಲ್ಲ. ಘಟ್ಟದಲ್ಲಿ ಮುಂದಿನ ನಾಲ್ಕು ವಾರ ಎಷ್ಟು ಮಳೆ ಬೀಳುತ್ತದೆ ಎಂದು ಖಚಿತವಾಗಿ ಹೇಳುವ ವಿದ್ಯೆ ಇವತ್ತಿಗೂ ನಮ್ಮಲ್ಲಿಲ್ಲ. ಆದ್ದರಿಂದ ತುಂಗಭದ್ರಾ ಮಂಡಳಿ ಆಯಾ ವರ್ಷ ಸಿಗಬಹುದಾದ ನೀರಿನ ಅಂದಾಜು ಹಾಕುತ್ತದೆ. ಒಳಹರಿವು ನೋಡುತ್ತ ನೋಡುತ್ತ ಅದನ್ನು ತಿದ್ದುತ್ತದೆ. ರಾಜ್ಯಗಳ ಪಾಲು ನ್ಯಾಯಮಂಡಳಿ ಹೇಳಿದ ಅದೇ ದಾಮಾಷಾದಲ್ಲಿ ಏರುತ್ತದೆ, ಇಳಿಯುತ್ತದೆ. ಕರ್ನಾಟಕಕ್ಕೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಅಂದಾಜು 212 ಮುಟ್ಟುವುದು ಈಚಿನ ವರ್ಷಗಳಲ್ಲಿ ಅಪರೂಪ.

ನಿಂತ ನೀರಿಗೂ ಒಂದು ಸ್ವಭಾವವಿದೆ. ಜಲಾಶಯದ ಎಲ್ಲ ಅಡಿಗಳೂ ಒಂದೇ ಅಲ್ಲ. ಪೂರ್ಣ ಮಟ್ಟ 1,633 ಅಡಿ. ಅಷ್ಟು ಎತ್ತರದಲ್ಲಿ ನೀರು ಹರಡುವ ಜಾಗ ಸುಮಾರು 350 ಚದರ ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ 378. ಅಷ್ಟಗಲ ಒಂದೇ ಒಂದು ಅಡಿ ನೀರು ನಿಂತರೆ ಅದು ನಾಲ್ಕು ಟಿಎಂಸಿಯ ಆಸುಪಾಸು. ತಳದ ಅಡಿಗಳಲ್ಲಿ ಅದರ ಒಂದು ಚೂರು ಕೂಡ ಇಲ್ಲ. ಮೇಲಿನ ಇಪ್ಪತ್ತು ಅಡಿಯಲ್ಲೇ ಸುಮಾರು ಅರವತ್ತು ಟಿಎಂಸಿ. ಬಿಸಿಲಿಗೆ ಹೆಚ್ಚು ಮೈಯೊಡ್ಡುವುದೂ ಆ ಮೇಲಿನ ಹರವೇ. ನ್ಯಾಯಮಂಡಳಿ ಆವಿಗೆಂದು ಬಿಟ್ಟ 18 ಟಿಎಂಸಿ ಕನ್ನಂಬಾಡಿ ಕಟ್ಟೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಂಬುದನ್ನು ನೆನೆದರೆ ಬಯಲುಸೀಮೆಯ ಬಿಸಿಲಿಗೆ ಕೊಡುವ ಕಂದಾಯ ಎಷ್ಟೆಂದು ತಿಳಿಯುತ್ತದೆ.

ಮೇಲಿನ ಆ ಇಪ್ಪತ್ತು ಅಡಿಯನ್ನು ಹಿಡಿದಿರುವುದು ಕಲ್ಲುಕಟ್ಟಡವಲ್ಲ, ಗೇಟು. ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಟ್ಟಿದ ಗೋಡೆ 1,613 ಅಡಿಗೆ ನಿಲ್ಲುತ್ತದೆ. ಅದರ ಮೇಲೆ 60 ಅಡಿ ಅಗಲ, 20 ಅಡಿ ಎತ್ತರದ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ಭರ್ತಿಯಾಗಿದ್ದಾಗ, 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಮರುದಿನದಿಂದ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟದ್ದು ಕಂಡು ಹಲವರಿಗೆ ಸಂಕಟವಾಯಿತು. ಒಂದು ಗೇಟು ಹೋದರೆ ಉಳಿದವನ್ನು ಮುಚ್ಚಬೇಕಲ್ಲವೇ, ಬಂದ ನೀರನ್ನೆಲ್ಲ ಯಾಕೆ ಕಳೆಯುತ್ತೀರಿ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಭೌತಶಾಸ್ತ್ರದಲ್ಲಿದೆ. ಗೇಟಿನ ಮೇಲೆ ಬೀಳುವ ಒತ್ತಡ ನೀರಿನ ಆಳದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 20 ಅಡಿ ನೀರು ನಿಂತಾಗ ಒಂದೊಂದು ಗೇಟಿನ ಮೇಲೂ ಸುಮಾರು 340 ಟನ್ ಭಾರ. ಆಳ ಅರ್ಧಕ್ಕೆ ಇಳಿದರೆ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಎಪ್ಪತ್ತೊಂದು ವರ್ಷದ ಅಣೆಕಟ್ಟಿನಲ್ಲಿ ಒಂದು ಚೈನು ಹೋದ ಮೇಲೆ ಉಳಿದ 32ರ ಭಾರ ಇಳಿಸುವುದೇ ಮೊದಲ ಕೆಲಸ. ಜೊತೆಗೆ, ಖಾಲಿ ಕಂಡಿಯಲ್ಲಿ ನೀರಿನ ರಭಸ ತಗ್ಗದೆ ಅಲ್ಲಿ ಏನನ್ನೂ ಇಳಿಸಲಾಗದು.

ಆಮೇಲೆ ನಡೆದದ್ದು ನಮ್ಮ ಕಾಲದ ದೊಡ್ಡ ಎಂಜಿನಿಯರಿಂಗ್ ಕೆಲಸಗಳಲ್ಲೊಂದು ಎಂದು ನಾನು ನಂಬಿದ್ದೇನೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ 60 ಅಡಿ ಉದ್ದ, 4 ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಸಿದ್ಧಪಡಿಸಿ, ನೀರು ಧುಮುಕುತ್ತಿರುವ ಕಂಡಿಯಲ್ಲೇ ಒಂದರ ಮೇಲೊಂದು ಇಳಿಸಿದರು. ಸ್ಟಾಪ್‌ಲಾಗ್ ಎಂಬುದು ಇದೇ. ಜಲಾಶಯವನ್ನು 1,613 ಅಡಿಯವರೆಗೆ ಬರಿದು ಮಾಡಬೇಕಾದ ಪ್ರಸಂಗ ತಪ್ಪಿತು. ಮೂವತ್ತು ಚಿಲ್ಲರೆ ಟಿಎಂಸಿ ಹೋಯಿತು, ಆದರೆ ಆ ವರ್ಷ ಮಳೆ ಮತ್ತೆ ಬಂದು ಸೆಪ್ಟೆಂಬರ್‌ನಲ್ಲಿ ಜಲಾಶಯ ನೂರರ ಹತ್ತಿರ ಮುಟ್ಟಿತು. ಆಗಸ್ಟ್ 10ರ ಬದಲು ಇದೇ ಅವಘಡ ಅಕ್ಟೋಬರ್ 10ರಂದು ಆಗಿದ್ದರೆ ಹೋದದ್ದನ್ನು ತುಂಬಿಕೊಡಲು ಮಳೆಯೇ ಇರುತ್ತಿರಲಿಲ್ಲ.

ಮುಂದಿನ ವರ್ಷ, 2025ರಲ್ಲಿ, ನೀರು ನಿಲ್ಲಿಸುವುದನ್ನು 80 ಟಿಎಂಸಿಗೆ, ಅಂದರೆ 1,626 ಅಡಿಗೆ ಮಿತಿಗೊಳಿಸಿದರು. ಮೇಲಿನಿಂದ ಏಳೇ ಅಡಿ ಬಿಟ್ಟದ್ದು. ಆದರೆ ಗೇಟಿನ ಮೇಲೆ 20 ಅಡಿಯ ಬದಲು 13 ಅಡಿ ನೀರು ನಿಂತರೆ ಭಾರ ನೂರಕ್ಕೆ ನಲವತ್ತೆರಡಕ್ಕೆ ಇಳಿಯುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿ. ಕೊಟ್ಟ ಬೆಲೆ 25 ಟಿಎಂಸಿ.

ಈ 25ರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡೋಣ. 1953ರಲ್ಲಿ ಜಲಾಶಯ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. ಈಗಿನ 105.788 ಎಂಬುದು 2016ರ ಸಮೀಕ್ಷೆಯ ಅಂಕಿ. ಏಳು ಅಡಿ ಬಿಟ್ಟಾಗ ಒಂದು ವರ್ಷಕ್ಕೆ ಕಳೆದದ್ದಕ್ಕಿಂತ ಹೆಚ್ಚು, 27 ಟಿಎಂಸಿ, ಹೂಳಿನಿಂದಾಗಿ ಶಾಶ್ವತವಾಗಿ ಹೋಗಿದೆ. 2008ರ ಸಮೀಕ್ಷೆ 100.855 ಎಂದಿತ್ತು. ಹೂಳು ನಡುವೆ ಕರಗಿದ್ದಲ್ಲ, ಅಳೆಯುವ ಬಗೆ ಬದಲಾಗಿತ್ತು. ದೋಣಿಯಲ್ಲಿ ಕೂತು ಶಬ್ದದ ಅಲೆಯನ್ನು ತಳಕ್ಕೆ ಬಿಟ್ಟು, ಅದು ಮರಳುವ ಹೊತ್ತಿನಿಂದ ಆಳ ಕಂಡುಹಿಡಿಯುವ ಕೆಲಸದಲ್ಲಿ ಎಷ್ಟು ಒತ್ತಾಗಿ ಅಳೆದಿರಿ ಎಂಬುದರ ಮೇಲೆ ಐದು ಟಿಎಂಸಿ ಆಚೀಚೆಯಾಗಬಹುದು. ಎರಡು ರಾಜ್ಯಗಳು ಒಂದೊಂದು ಟಿಎಂಸಿಗೆ ವಾದ ಮಾಡುವ ಕಡೆ ಇದು ಸಣ್ಣ ಮಾತಲ್ಲ.

ಹೂಳು ತೆಗೆದುಹಾಕಿದರೆ ಆಯಿತಲ್ಲ ಎಂದು ಎಲ್ಲರೂ ಹೇಳುತ್ತಾರೆ. 2017ರ ಬೇಸಿಗೆಯಲ್ಲಿ ರೈತರು ತಾವೇ ಟ್ರ್ಯಾಕ್ಟರ್ ತಂದು ಹೂಳು ಎತ್ತಲು ಇಳಿದರು. ಅವರ ಸಂಕಟ ನಿಜ, ಶ್ರಮ ದೊಡ್ಡದು. ಆದರೂ ಲೆಕ್ಕ ಹಾಕಿ ನೋಡಬೇಕು. 27 ಟಿಎಂಸಿ ಎಂದರೆ 76 ಕೋಟಿ ಘನ ಮೀಟರ್ ಮಣ್ಣು. ಒಂದು ಟಿಪ್ಪರ್ ಸಲಕ್ಕೆ ಹತ್ತು ಘನ ಮೀಟರ್ ಒಯ್ದರೆ ಏಳೂವರೆ ಕೋಟಿ ಸಲ ಓಡಬೇಕು. ದಿನಕ್ಕೆ ಸಾವಿರ ಟ್ರಿಪ್ಪಿನಂತೆ, ಒಂದು ದಿನವೂ ಬಿಡುವಿಲ್ಲದೆ, ಇನ್ನೂರು ವರ್ಷ. ಅಷ್ಟರಲ್ಲಿ ಹೊಸ ಹೂಳು ಬಂದೇ ಬರುತ್ತದೆ. ಅದನ್ನು ಸುರಿಯುವ ಜಾಗ ಬೇರೆ ಬೇಕು. ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಸಮಾನಾಂತರ ಜಲಾಶಯ ಕಟ್ಟಿ, ಮಳೆಗಾಲದಲ್ಲಿ ಹರಿದುಹೋಗುವ ನೀರನ್ನು ಅಲ್ಲಿ ಹಿಡಿಯುವ ಪ್ರಸ್ತಾವ ಬಂದದ್ದು. ಅದಕ್ಕೆ ಪಾಲುದಾರ ರಾಜ್ಯಗಳ ಒಪ್ಪಿಗೆ ಬೇಕು.

ಈಗ ಕಾಲುವೆಗೆ ಬರೋಣ. ಎಡದಂಡೆ ನಾಲೆಯ ಉದ್ದ 226 ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ 141 ಮೈಲಿ. ಕಿಲೋಮೀಟರ್ ಬಂದು ಕಾಲವಾದರೂ ಈ ಭಾಗದ ರೈತರು, ಎಂಜಿನಿಯರುಗಳು ಇಬ್ಬರೂ ಮಾತಾಡುವುದು ಮೈಲಿನಲ್ಲೇ. ರಾಯಚೂರು ಜಿಲ್ಲೆಯಲ್ಲಿ ನೀರಿನ ಮಾತು ಬಂದರೆ ಮೊದಲು ಬರುವ ಅಂಕಿ 104. ‘104ನೇ ಮೈಲಿನಲ್ಲಿ ಆರು ಅಡಿ ಗೇಜ್ ಕಾಯ್ದುಕೊಳ್ಳಿ’ ಎಂಬುದು ಪ್ರತಿ ಹಂಗಾಮಿನ ಬೇಡಿಕೆ. ಅದರ ಕೆಳಗಿರುವುದು ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ಹೊಲಗಳು.

ಗೇಜು ಎಂದರೆ ಕಾಲುವೆಯ ಬದುವಿಗೆ ನೆಟ್ಟ, ಅಡಿ-ಅಂಗುಲ ಗುರುತಿಸಿದ ಪಟ್ಟಿ. ನೀರು ಯಾವ ಗೆರೆಗೆ ಮುಟ್ಟಿದೆ ಎಂದು ಓದಿ ಬರೆದುಕೊಳ್ಳುತ್ತಾರೆ. ಆರು ಅಡಿ ಇದ್ದದ್ದು ಐದಾದರೆ ಆರರಲ್ಲಿ ಒಂದು ಪಾಲು ನೀರು ಕಡಿಮೆಯಾಯಿತು ಎಂದು ಅನಿಸುತ್ತದೆ. ಹಾಗಲ್ಲ. ಆಳ ಇಳಿದಾಗ ಹರಿಯುವ ಜಾಗ ಕಿರಿದಾಗುತ್ತದೆ, ಜೊತೆಗೆ ತಳ ಮತ್ತು ಬದಿಯ ತಿಕ್ಕಾಟ ಮೇಲುಗೈಯಾಗಿ ವೇಗವೂ ಕುಂದುತ್ತದೆ. ಎರಡೂ ಸೇರಿ, ಒಂದು ಅಡಿ ಇಳಿದರೆ ಹರಿವಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೋಗುತ್ತದೆ. ನಾಲ್ಕು ಅಡಿಗೆ ಇಳಿದರೆ ಉಳಿಯುವುದು ಅರ್ಧ. ಗೇಜು ಒಂದು ಅಡಿ ಇಳಿದದ್ದಕ್ಕೆ ರಸ್ತೆ ತಡೆ ಯಾಕೆ ಎಂದು ದೂರದಲ್ಲಿ ಕೂತು ಕೇಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿ ತೂಬಿನದು. ಮುಖ್ಯ ನಾಲೆಯ ಬದುವಿನಲ್ಲಿ ಕೂತ ಕೊಳವೆ ತೂಬಿನಿಂದ ಹೊರಡುವ ನೀರು ಅದರ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ತೂಬಿನ ಮೇಲೆ ನಾಲ್ಕು ಅಡಿ ಇದ್ದದ್ದು ಮೂರು ಅಡಿ ಆಯಿತು ಎನ್ನಿ, ಅದು ಎಳೆಯುವ ನೀರು ಕಡಿಮೆಯಾಗುವುದು ನೂರಕ್ಕೆ ಹದಿಮೂರು ಮಾತ್ರ. ಅದೇ ಒಂದು ಅಡಿಗೆ ನಾಲೆ ಕಳೆದುಕೊಂಡದ್ದು ನೂರಕ್ಕೆ ಇಪ್ಪತ್ತಾರು. ಅಂದರೆ ನಾಲೆಗೆ ಬಂದ ಕೊರತೆಯಲ್ಲಿ ಪ್ರತಿಯೊಂದು ತೂಬೂ ತನ್ನ ಪಾಲಿಗಿಂತ ಕಡಿಮೆ ಹೊರುತ್ತದೆ, ಉಳಿದದ್ದನ್ನು ಮುಂದಕ್ಕೆ ತಳ್ಳುತ್ತದೆ. ಒಂದರ ಕೆಳಗೆ ಒಂದು ನೂರಾರು ತೂಬು ದಾಟುವ ಹೊತ್ತಿಗೆ ತಳ್ಳಿದ್ದೆಲ್ಲ ಸೇರಿ ಬೀಳುವುದು ಕೊನೆಯವನ ತಲೆಗೆ. ನಾಲೆಯ ಮಟ್ಟ ಅವನ ತೂಬಿನ ಹೊಸ್ತಿಲಿಗಿಂತ ಕೆಳಗೆ ಇಳಿದರೆ ಅವನಿಗೆ ಕಡಿಮೆ ನೀರಲ್ಲ, ನೀರೇ ಇಲ್ಲ. ಇಷ್ಟಾಗಲು ಯಾರೂ ಪಂಪ್‌ಸೆಟ್ ಇಟ್ಟು ಕದಿಯಬೇಕಿಲ್ಲ, ಯಾರೂ ಗೇಟು ಮುರಿಯಬೇಕಿಲ್ಲ. ಎಲ್ಲರೂ ಪ್ರಾಮಾಣಿಕರಾಗಿದ್ದರೂ ಕೊನೆಭಾಗಕ್ಕೆ ಅನ್ಯಾಯವಾಗುವಂತೆ ನೀರಿನ ನಿಯಮವೇ ಇದೆ. ಹಾಗಾಗಿ ಸರಿಯಾಗಿ ಹಂಚುವುದು ಎಂದರೆ ಆ ನಿಯಮದ ವಿರುದ್ಧ ದಿನವೂ ಕೆಲಸ ಮಾಡುವುದು. ಮೇಲ್ಭಾಗದ ತೂಬುಗಳನ್ನು ಸರದಿಯ ಮೇಲೆ ಇಳಿಸಬೇಕು, ರಾತ್ರಿ ಕಾವಲು ಇರಬೇಕು, ಗೇಜು ಓದಬೇಕು. ಈ ಕೆಲಸ ಮಾಡುವವರು ಗ್ಯಾಂಗ್‌ಮನ್‌ಗಳು, ಲಸ್ಕರ್‌ಗಳು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಸಂಬಳದವರು, ಕೆಲಸ ಕಾಯಂ ಆಗದ ಎಷ್ಟೋ ಜನ. ನೀರಾವರಿಗೆ ಸುರಿಯುವ ಹಣದಲ್ಲಿ ಮೊದಲ ಪಾಲು ಅವರಿಗೆ ಸಲ್ಲಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕದಿಯುವುದೂ ಇದೆ. ಆದರೆ ಅದರ ಹಿಂದಿನ ಕಥೆ ಬರೀ ದುರಾಸೆಯದಲ್ಲ. ಈ ಯೋಜನೆ ರೂಪಿಸಿದ್ದು ಬರದಿಂದ ಕಾಪಾಡಲು. ಹೆಚ್ಚು ಹೊಲಗಳಿಗೆ ತೆಳುವಾಗಿ ನೀರು ಹರಡಿ ಜೋಳ, ಶೇಂಗಾ, ಹತ್ತಿ ಉಳಿಸಬೇಕೆಂಬುದು ಉದ್ದೇಶ. ಭತ್ತಕ್ಕೆ ಗುರುತಿಸಿದ್ದು ಸಣ್ಣ ಪಾಲು. ಆದರೆ ಮೊದಲ ನೀರು ಮುಟ್ಟಿದ ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಭತ್ತ ಬಂತು, ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರ ಅನುಭವವೂ ಬಂತು. ಎರಿಭೂಮಿಯಲ್ಲಿ ಒಬ್ಬನು ಗದ್ದೆ ಮಾಡಿ ನೀರು ನಿಲ್ಲಿಸಿದರೆ ಬಸಿಗಾಲುವೆ ಸರಿಯಿಲ್ಲದ ಕಡೆ ಪಕ್ಕದವನ ಜೋಳದ ಹೊಲಕ್ಕೂ ಜವಳು ಏರುತ್ತದೆ. ಅವನೂ ಭತ್ತಕ್ಕೇ ತಿರುಗಬೇಕಾಗುತ್ತದೆ. ಹೀಗೆ ಬೆಳೆ ಹೊಲದಿಂದ ಹೊಲಕ್ಕೆ ಹಬ್ಬಿತು. ಒಂದು ಟಿಎಂಸಿಯಲ್ಲಿ, ಹಂಗಾಮಿಗೆ ಒಟ್ಟು ನಾಲ್ಕೂವರೆ ಅಡಿ ನೀರು ಬೇಕಾಗುವ ಭತ್ತವನ್ನು ಐದು ಸಾವಿರ ಎಕರೆಯಲ್ಲಿ ಬೆಳೆಯಬಹುದು. ಒಂದೂವರೆ ಅಡಿ ಸಾಕಾಗುವ ಬೆಳೆಯಾದರೆ ಹದಿನೈದು ಸಾವಿರ ಎಕರೆ. ದಾರಿಯಲ್ಲಿ ಸೋರುವುದನ್ನು ಬಿಟ್ಟು ಹೇಳಿದ ಲೆಕ್ಕ ಇದು. ಕೊನೆಭಾಗದಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿಗೆ ಒಂದೇ ಒಂದು ಕಟ್ಟು ನೀರು ಸಿಗದೆ ಒಣಗುವಾಗ ಮೇಲೆ ಗದ್ದೆ ತುಂಬಿರುವುದು ಕಾಣುತ್ತದೆ. ಈ ನಾಲೆಯ ದಂಡೆಗಳಲ್ಲಿ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಬೇಕಾಗಿ ಬರುವುದು ಆ ವಾರಗಳಲ್ಲೇ.

ನವೆಂಬರ್‌ನಲ್ಲಿ ಐಸಿಸಿ ಸಭೆ ಸೇರುತ್ತದೆ. ನೀರಾವರಿ ಸಲಹಾ ಸಮಿತಿಗೆ ರೈತರು ಹೇಳುವ ಹೆಸರು ಅದು. ಜಲಾಶಯದಲ್ಲಿ ಇಷ್ಟಿದೆ, ಕುಡಿಯಲು ಇಷ್ಟು ತೆಗೆದಿಡಬೇಕು, ಆವಿಗೆ ಇಷ್ಟು, ಕೆಳಗಿನ ರಾಜ್ಯಕ್ಕೆ ಇಷ್ಟು ಕೊಡಬೇಕು, ಮಿಕ್ಕಿದ್ದರಲ್ಲಿ ಎರಡನೇ ಬೆಳೆ ಆಗುತ್ತದೆಯೇ? 2025ರ ನವೆಂಬರ್‌ನಲ್ಲಿ ಉತ್ತರ ಇಲ್ಲ ಎಂದಾಯಿತು. ನೀರಿಲ್ಲವೆಂದಲ್ಲ, ಎಲ್ಲ 33 ಗೇಟುಗಳನ್ನು ಬದಲಿಸಲು ಜಲಾಶಯ ಇಳಿಸಬೇಕಾಗಿತ್ತು. ರೈತರು ಬೀದಿಗಿಳಿದರು. ಒಂದು ಹಂಗಾಮು ಬಿಟ್ಟು ಗೇಟು ಹಾಕುವುದು ಅನಿವಾರ್ಯವಾಗಿತ್ತು ಎಂದು ನನಗೆ ಮನವರಿಕೆಯಾಗಿದೆ. ಆದರೆ ಬಿಟ್ಟುಕೊಟ್ಟವರಿಗೆ ಏನಾದರೂ ಸಲ್ಲಬೇಕು.

ಹೊಸ ಗೇಟುಗಳು ಕೂತಾದ ಮೇಲೆ 1,626ರಿಂದ 1,633ರವರೆಗಿನ ಏಳು ಅಡಿ ಮತ್ತೆ ಸಿಗುತ್ತದೆ, 25 ಟಿಎಂಸಿ. ಅದರಲ್ಲಿ ಕರ್ನಾಟಕದ ಪಾಲು ಹದಿನಾರರ ಆಸುಪಾಸು. ಆ ನೀರು ಎಂದಿನಂತೆ ಮೇಲಿನ ತೂಬುಗಳಲ್ಲೇ ಮುಗಿಯಬಾರದು. 104ನೇ ಮೈಲಿನಲ್ಲಿ ಇಂತಿಷ್ಟು ದಿನ ಆರು ಅಡಿ ಎಂದು ಬರೆದುಕೊಟ್ಟು, ದಿನದ ಗೇಜನ್ನು ಪ್ರತಿ ನೀರು ಬಳಕೆದಾರರ ಸಂಘದ ಬಾಗಿಲಿಗೆ ಅಂಟಿಸುವುದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಆ ಮಾತು ನವೆಂಬರ್‌ಗೆ ಕಾಯಬಾರದು. ಜೂನ್‌ನಲ್ಲಿ, ಸಸಿಮಡಿಗೆ ಬೀಜ ಬೀಳುವ ಮೊದಲೇ, ಕೊನೆಭಾಗದ ರೈತನಿಗೆ ತಾನು ಭತ್ತ ಹಾಕಬೇಕೋ ಹತ್ತಿಯೋ ಎಂಬುದು ಗೊತ್ತಾಗಬೇಕು.